ಚೂರಿಯ ಚರಿತ್ರೆ: ಕುಲುಮೆಯಿಂದ ಕಾರ್ಖಾನೆಗೆ

ಮನುಷ್ಯನು ದಿನನಿತ್ಯವೂ ಕೈಯಲ್ಲಿ ಹಿಡಿಯುವ ಉಪಕರಣಗಳಲ್ಲಿ ಚೂರಿಯಷ್ಟು ಪುರಾತನವಾದುದು ವಿರಳ. ಕಲ್ಲಿನ ಚಕ್ಕೆಯಾಗಿ ಹುಟ್ಟಿ, ಕಂಚಾಗಿ, ಕಬ್ಬಿಣವಾಗಿ, ಕಡೆಗೆ ಉಕ್ಕಾಗಿ ಅದು ಮಾನವಕುಲದ ಸಂಗಡ ನಡೆದುಬಂದಿದೆ. ಆದರೆ ಸಾವಿರಾರು ವರ್ಷಗಳ ಕಾಲ ಒಂದು ಸಂಗತಿ ಮಾತ್ರ ಬದಲಾಗಲಿಲ್ಲ. ಪ್ರತಿಯೊಂದು ಅಲಗೂ ಒಬ್ಬ ಕಮ್ಮಾರನ ಕೈಯಿಂದ, ಒಂದೊಂದಾಗಿ, ಅಡಿಗಲ್ಲಿನ ಮೇಲೆ ರೂಪುಗೊಳ್ಳುತ್ತಿದ್ದಿತು. ಈ ಕಸುಬು ಕುಲುಮೆಯನ್ನು ಬಿಟ್ಟು ಕಾರ್ಖಾನೆಯನ್ನು ಹೊಕ್ಕ ಬಗೆಯನ್ನು ಅರಿಯಬೇಕೆಂಬವರು ಇಂಗ್ಲೆಂಡಿನ ಷೆಫೀಲ್ಡ್ ನಗರದ ಚರಿತ್ರೆಯನ್ನು ನೋಡಿದರೆ ಸಾಕು.

ಷೆಫೀಲ್ಡ್ ನಗರವು ಯಾರ್ಕ್‌ಷೈರ್ ಪ್ರಾಂತದ ದಕ್ಷಿಣ ಭಾಗದಲ್ಲಿದೆ. ಡಾನ್, ಷೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ಹೊಳೆಗಳು ಬೆಟ್ಟಗಳಿಂದ ರಭಸವಾಗಿ ಇಳಿದು ಅಲ್ಲಿ ಕೂಡುತ್ತವೆ. ಗಾಲಿಯನ್ನು ತಿರುಗಿಸಲು ನೀರು, ಕುಲುಮೆಗೆ ಇದ್ದಲು, ಸಾಣೆಗೆ ಮರಳುಗಲ್ಲು, ಎಲ್ಲವೂ ಆ ಕಣಿವೆಗಳಲ್ಲಿಯೇ ದೊರೆಯುತ್ತಿದ್ದುವು. ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೇ ಆ ಊರಿನ ಚೂರಿ ಹೆಸರುವಾಸಿಯಾಗಿದ್ದಿತೆಂಬುದಕ್ಕೆ ಕವಿ ಚಾಸರನೇ ಸಾಕ್ಷಿ. ಅವನ ಕಥೆಯೊಂದರಲ್ಲಿ ಬರುವ ಹಿಟ್ಟಿನ ಗಿರಣಿಯವನು ಷೆಫೀಲ್ಡಿನ ಚೂರಿಯನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿರುವನು. 1624ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಹ್ಯಾಲಂಷೈರಿನ ಚೂರಿಗಾರರ ಸಂಘವು ಸ್ಥಾಪಿತವಾಯಿತು. ಏಳು ವರ್ಷ ಗುರುವಿನ ಬಳಿ ಕಲಿಯದವನು ಸ್ವತಂತ್ರವಾಗಿ ಕಸುಬು ಮಾಡಕೂಡದೆಂದೂ, ಪ್ರತಿಯೊಬ್ಬ ಯಜಮಾನನೂ ತನ್ನದೇ ಮುದ್ರೆಯನ್ನು ಅಲಗಿನ ಮೇಲೆ ಒತ್ತಬೇಕೆಂದೂ ನಿಯಮಗಳಾದುವು.

ಅಂದಿನ ಚೂರಿ ಮೂವರ ಕೈ ದಾಟಿ ಬರಬೇಕಾಗಿದ್ದಿತು. ಮೊದಲನೆಯವನು ಕಮ್ಮಾರ. ಅವನು ಉಕ್ಕಿನ ಕಂಬಿಯನ್ನು ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಅಲಗನ್ನು ಎಳೆಯುವನು, ಹಿಡಿಯೊಳಗೆ ಸೇರುವ ಬಾಲವನ್ನು ರೂಪಿಸುವನು, ಮುದ್ರೆ ಒತ್ತುವನು. ಬಳಿಕ ಅಲಗನ್ನು ಮತ್ತೆ ಕಾಯಿಸಿ ನೀರಿನಲ್ಲಿ ಅದ್ದುವನು. ಇದರಿಂದ ಉಕ್ಕು ಗಡುಸಾಗುವುದು, ಆದರೆ ಗಾಜಿನಂತೆ ಒಡೆಯುವ ಸ್ವಭಾವವನ್ನೂ ಪಡೆಯುವುದು. ಆ ದೋಷವನ್ನು ಕಳೆಯಲು ಮೂರನೆಯ ಸಲ ಮೆಲ್ಲಗೆ ಕಾಯಿಸಿ ಹದ ಕೊಡಬೇಕು. ಆಗ ಲೋಹದ ಮೇಲೆ ಹುಲ್ಲಿನ ಹಳದಿ, ಕಂದು, ನೇರಿಳೆ, ನೀಲಿ ಎಂದು ಬಣ್ಣಗಳು ಒಂದರ ಹಿಂದೊಂದು ಓಡುವುವು. ಯಾವ ಬಣ್ಣದಲ್ಲಿ ನಿಲ್ಲಿಸಬೇಕೆಂಬುದೇ ಕಸುಬಿನ ಗುಟ್ಟು. ಎರಡನೆಯವನು ಸಾಣೆಗಾರ. ಮೂರನೆಯವನು ದಂತ, ಕೊಂಬು, ಮೂಳೆ ಅಥವಾ ಮರದ ಹಿಡಿಯನ್ನು ಜೋಡಿಸಿ ಚೂರಿಯನ್ನು ಪೂರ್ಣಗೊಳಿಸುವವನು.

ಈ ಕಸುಬಿನಲ್ಲಿ ಮೊದಲನೆಯ ದೊಡ್ಡ ಬದಲಾವಣೆ ಯಂತ್ರದಿಂದ ಬರಲಿಲ್ಲ, ಲೋಹದಿಂದ ಬಂದಿತು. ಸ್ವೀಡನ್ನಿನ ಕಬ್ಬಿಣದ ಪಟ್ಟಿಗಳನ್ನು ಇದ್ದಲಿನ ಪುಡಿಯಲ್ಲಿ ಹೂಳಿ ಹಲವು ದಿನ ಕಾಯಿಸಿ ಉಕ್ಕು ಮಾಡುವುದು ಅಂದಿನ ಪದ್ಧತಿ. ಹಾಗೆ ಮಾಡಿದ ಉಕ್ಕು ಹೊರಗೆ ಗಡುಸು, ಒಳಗೆ ಮೃದು. ಡಾಂಕಾಸ್ಟರಿನಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ ಎಂಬವನಿಗೆ ಸುರುಳಿಬಿಲ್ಲುಗಳಿಗೆ ಏಕರೂಪವಾದ ಉಕ್ಕು ಬೇಕಾಗಿದ್ದಿತು. ಅವನು 1740ರ ಸುಮಾರಿನಲ್ಲಿ ಷೆಫೀಲ್ಡಿನ ಬಳಿಯ ಹ್ಯಾಂಡ್ಸ್‌ವರ್ತ್‌ನಲ್ಲಿ ನೆಲೆಸಿ, ಆ ಉಕ್ಕನ್ನೇ ಮಣ್ಣಿನ ಮೂಸೆಗಳಲ್ಲಿ ಪೂರ್ಣವಾಗಿ ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ಕಂಡುಹಿಡಿದನು. ಆದರೆ ಹೊಸ ಉಕ್ಕು ಬಹಳ ಗಡುಸು, ತಮ್ಮ ಸುತ್ತಿಗೆಗೆ ಬಗ್ಗದು ಎಂದು ಷೆಫೀಲ್ಡಿನ ಚೂರಿಗಾರರು ಅದನ್ನು ನಿರಾಕರಿಸಿದರು. ಹಂಟ್ಸ್‌ಮನ್ನನು ತನ್ನ ಸರಕನ್ನು ಫ್ರಾನ್ಸಿಗೆ ಮಾರಿದನು. ಅದರಿಂದ ಮಾಡಿದ ಫ್ರೆಂಚ್ ಚೂರಿಗಳು ಇಂಗ್ಲೆಂಡಿನ ಸಂತೆಗಳಿಗೇ ಬಂದು ನಿಂತಾಗ ಮಾತ್ರ ಅವನ ನೆರೆಹೊರೆಯವರ ಕಣ್ಣು ತೆರೆಯಿತೆಂದು ಪ್ರತೀತಿ.

ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ಕನ್ನಡನಾಡಿಗೆ ಹೊಸತಾಗಿರಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಂದಿಗೆ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೂದಿ ಕಾಯಿಸುತ್ತಿದ್ದ ಕ್ರಮವನ್ನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ವರ್ಣಿಸಿರುವನು. ಯೂರೋಪಿನಲ್ಲಿ ಈ ಉಕ್ಕಿಗೆ ‘ವೂಟ್ಸ್’ ಎಂದು ಹೆಸರಾಯಿತು. ಅದು ನಮ್ಮ ‘ಉಕ್ಕು’ ಎಂಬ ಮಾತಿನ ರೂಪಾಂತರವೆಂದು ಅನೇಕ ವಿದ್ವಾಂಸರ ಮತ. ಮುಂಬಯಿಯಿಂದ ಹೋದ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಗೆ ಲೇಖನವನ್ನು ಒಪ್ಪಿಸಿದನು. ಲಂಡನ್ನಿನ ಚೂರಿಗಾರ ಜೇಮ್ಸ್ ಸ್ಟೊಡಾರ್ಟನು ಆ ಉಕ್ಕಿನಿಂದ ಲೇಖನಿ ಕೊರೆಯುವ ಚೂರಿಯನ್ನು ಮಾಡಿ ಮೆಚ್ಚಿದನು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯೊಡನೆ ಕೂಡಿ ಅವನು 1820 ಮತ್ತು 1822ರಲ್ಲಿ ಪ್ರಕಟಿಸಿದ ಮಿಶ್ರ ಉಕ್ಕುಗಳ ಪ್ರಯೋಗಗಳಿಗೆ ಭಾರತದ ಈ ಉಕ್ಕೇ ಪ್ರೇರಣೆ. ಆ ಮಿಶ್ರಣಗಳಲ್ಲಿ ಕ್ರೋಮಿಯಂ ಸೇರಿದ ಉಕ್ಕೂ ಒಂದು. ಅದರ ಪೂರ್ಣ ಗುಣವು ಬೆಳಕಿಗೆ ಬರಲು ಇನ್ನೂ ತೊಂಬತ್ತು ವರ್ಷ ಕಾಯಬೇಕಾಯಿತು.

ಈ ನಡುವೆ 1786ರಲ್ಲಿ ಷೆಫೀಲ್ಡಿನ ಸಾಣೆಗಾಲಿಗಳನ್ನು ತಿರುಗಿಸಲು ಆವಿಯಂತ್ರ ಬಂದಿತು. 1814ರ ಶಾಸನವು ಸಂಘದ ಹಳೆಯ ಕಟ್ಟುಗಳನ್ನು ಸಡಿಲಿಸಿ, ಬೇಕಾದವರೆಲ್ಲ ಕಸುಬು ಹಿಡಿಯಲು ಅವಕಾಶ ಕೊಟ್ಟಿತು. ದೊಡ್ಡ ಕಟ್ಟಡಗಳು ಎದ್ದುವು. ಆದರೂ ಅವು ಪೂರ್ಣಾರ್ಥದಲ್ಲಿ ಕಾರ್ಖಾನೆಗಳಲ್ಲ. ಒಂದೇ ಛಾವಣಿಯ ಕೆಳಗೆ ಹಲವು ‘ಚಿಕ್ಕ ಯಜಮಾನರು’ ಸ್ಥಳವನ್ನೂ ಯಂತ್ರಶಕ್ತಿಯನ್ನೂ ಬಾಡಿಗೆಗೆ ಪಡೆದು, ತಮ್ಮ ತಮ್ಮ ಉಪಕರಣಗಳಿಂದ ಒಂದೊಂದು ಭಾಗದ ಕೆಲಸ ಮಾಡುತ್ತಿದ್ದರು. ಶಕ್ತಿ ಆವಿಯದು, ಕುಶಲತೆ ಕೈಯದು.

ಈ ಏಳಿಗೆಗೆ ಬೆಲೆ ತೆತ್ತವನು ಸಾಣೆಗಾರ. ಹೊಳೆಯ ದಡದಲ್ಲಿ ನೀರು ಕಡಿಮೆಯಾದಾಗ ಅವನಿಗೆ ಬಿಡುವು ಸಿಕ್ಕುತ್ತಿದ್ದಿತು. ಆವಿಯಂತ್ರಕ್ಕೆ ಬೇಸಗೆಯೂ ಇಲ್ಲ, ಬಿಡುವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಗಾಲಿಯ ಮೇಲೆ ಬಾಗಿ ಕುಳಿತ ಅವನ ಉಸಿರಿನೊಡನೆ ಕಲ್ಲಿನ ಧೂಳೂ ಲೋಹದ ಪುಡಿಯೂ ಒಳಸೇರುತ್ತಿದ್ದುವು. ಒಣ ಸಾಣೆಯವರ ಸರಾಸರಿ ಆಯುಸ್ಸು ಮೂವತ್ತೈದು ವರ್ಷ ಮುಟ್ಟುವುದು ಕಷ್ಟ, ನೀರು ಸಾಣೆಯವರದು ನಲವತ್ತೈದನ್ನು ದಾಟುವುದು ಅಪರೂಪ ಎಂದು ವೈದ್ಯ ನೈಟನು ಹೇಳಿದುದನ್ನು ಎಂಗೆಲ್ಸನು 1845ರ ತನ್ನ ಗ್ರಂಥದಲ್ಲಿ ಉದಾಹರಿಸಿರುವನು. ಧೂಳನ್ನು ಹೀರುವ ಸಾಧನಗಳು ಅಷ್ಟರಲ್ಲಾಗಲೇ ಇದ್ದುವು. ಆದರೆ ಸಾಣೆಗಾರರೇ ಅವನ್ನು ವಿರೋಧಿಸಿದರು, ಕೆಲವೆಡೆ ಮುರಿದೂ ಹಾಕಿದರು. ಸಾವು ಕಡಿಮೆಯಾದರೆ ಕಸುಬಿಗೆ ಬರುವವರು ಹೆಚ್ಚುವರು, ಕೂಲಿ ಇಳಿಯುವುದು ಎಂಬುದು ಅವರ ಭಯ. ತನ್ನ ಅಲ್ಪಾಯುಸ್ಸನ್ನೇ ಕೂಲಿಯ ಕಾವಲಾಗಿ ಎಣಿಸಬೇಕಾದ ಮನುಷ್ಯನ ದುರವಸ್ಥೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಂಗತಿ ಮತ್ತೊಂದಿರಲಾರದು. 1867ರ ಕಾರ್ಖಾನೆ ಶಾಸನದಿಂದ ಧೂಳು ಹೀರುವ ಬೀಸಣಿಗೆಯನ್ನು ಇರಿಸುವಂತೆ ಆಜ್ಞಾಪಿಸುವ ಅಧಿಕಾರವು ತನಿಖೆಗಾರರಿಗೆ ದೊರೆಯಿತು. ಮರಳುಗಲ್ಲಿನ ಸ್ಥಾನಕ್ಕೆ ಕೃತಕ ಸಾಣೆಕಲ್ಲು ಬಂದುದು ಇಪ್ಪತ್ತನೆಯ ಶತಮಾನದಲ್ಲಿ.

ಚೂರಿಯ ನಿಜವಾದ ಕಾರ್ಖಾನೆ ಬೆಳೆದುದು ಅನ್ಯದೇಶಗಳಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಜಾನ್ ರಸೆಲ್ 1834ರಲ್ಲಿ ಪ್ರಾರಂಭಿಸಿದ ಉದ್ಯಮದಲ್ಲಿ ಯಂತ್ರದ ಸುತ್ತಿಗೆಗಳು ಅಲಗನ್ನು ಬಡಿಯತೊಡಗಿದುವು. ಜರ್ಮನಿಯ ವುಪ್ಪರ್ ನದಿಯ ಬಳಿಯ ಸೋಲಿಂಗೆನ್ ಪಟ್ಟಣವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಚ್ಚಿನ ಮೇಲೆ ಬೀಳುವ ಭಾರಿ ಸುತ್ತಿಗೆಯನ್ನು ಅಳವಡಿಸಿಕೊಂಡಿತು. ಅದರ ಏಟಿಗೆ ಅಲಗು, ಬಾಲ, ನಡುವಣ ಗಂಟು ಒಟ್ಟಿಗೇ ಮೂಡುವುವು. ಕೈಕೆಲಸದ ಹೆಮ್ಮೆಯಲ್ಲಿದ್ದ ಷೆಫೀಲ್ಡ್ ಈ ಮಾರ್ಗವನ್ನು ತಡವಾಗಿ ಹಿಡಿಯಿತು. 1890ರ ಅಮೆರಿಕದ ಸುಂಕವು ಅದರ ದೊಡ್ಡ ಪೇಟೆಯನ್ನೂ ಕುಗ್ಗಿಸಿತು.

ಆದರೂ ಕೊನೆಯ ಮಹಾಪರಿವರ್ತನೆ ಷೆಫೀಲ್ಡಿನಿಂದಲೇ ಹೊರಟಿತು. ಉಕ್ಕು ಕರಗಿಸುವವನೊಬ್ಬನ ಮಗನಾದ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗಳು ಸವೆಯದಂತೆ ಮಾಡುವ ಪ್ರಯೋಗದಲ್ಲಿದ್ದಾಗ, 1913ರಲ್ಲಿ, ಸುಮಾರು ನೂರಕ್ಕೆ 12.8 ಭಾಗ ಕ್ರೋಮಿಯಂ ಸೇರಿದ ಉಕ್ಕನ್ನು ಎರೆದನು. ಆಮ್ಲವು ಅದನ್ನು ಸುಲಭವಾಗಿ ತಿನ್ನಲಿಲ್ಲ. ಊಟದ ಚೂರಿಗೆ ಇದೇ ತಕ್ಕುದೆಂದು ಅವನು ಹೇಳಿದರೆ, ಬಡಿಯಲು ಕಷ್ಟ, ಹರಿತ ಬಾರದು ಎಂದು ಚೂರಿಗಾರರು ನಕ್ಕರು. ಹಂಟ್ಸ್‌ಮನ್ನನು ಕೇಳಿದ ಮಾತನ್ನೇ ನೂರೆಪ್ಪತ್ತು ವರ್ಷಗಳ ತರುವಾಯ ಬ್ರಿಯರ್ಲಿಯೂ ಕೇಳಿದನು. ಅರ್ನೆಸ್ಟ್ ಸ್ಟುವರ್ಟ್ ಎಂಬ ಚೂರಿ ಕಾರ್ಖಾನೆಯ ವ್ಯವಸ್ಥಾಪಕನು ಹಲವು ಪ್ರಯತ್ನಗಳ ಮೇಲೆ ಅದರಿಂದ ಉತ್ತಮ ಚೂರಿಗಳನ್ನು ಮಾಡಿಸಿ, ‘ಸ್ಟೇನ್‌ಲೆಸ್’ ಎಂಬ ಹೆಸರನ್ನೂ ಕೊಟ್ಟನು. ಇಂದು ಹಾಳೆಯಾಗಿ ಬರುವ ಈ ಬಗೆಯ ಉಕ್ಕಿನಿಂದ ಯಂತ್ರಗಳು ಅಲಗುಗಳನ್ನು ರಾಶಿರಾಶಿಯಾಗಿ ಕತ್ತರಿಸಿ, ಹದಮಾಡಿ, ಮಸೆದು ಹೊರಹಾಕುತ್ತವೆ.

ಪೋರ್ಟರ್ ಹೊಳೆಯ ದಡದಲ್ಲಿ ಹಳೆಯ ಸಾಣೆಮನೆಯೊಂದನ್ನು, ಷೀಫ್ ಹೊಳೆಯ ದಡದಲ್ಲಿ ಅಬೆಡೇಲ್ ಎಂಬಲ್ಲಿ ಮೂಸೆಯ ಕುಲುಮೆಯನ್ನು ಇಂದು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಬಡವನಿಗೂ ತುಕ್ಕು ಹಿಡಿಯದ ಚೂರಿ ದೊರೆತುದು ಯಂತ್ರದ ಉಪಕಾರ, ಅದನ್ನು ಅಲ್ಲಗಳೆಯಲಾಗದು. ಹಾಗೆಯೇ, ಬಣ್ಣವನ್ನು ನೋಡಿ ಉಕ್ಕಿನ ಹದವನ್ನು ಅರಿಯುತ್ತಿದ್ದ ಕಣ್ಣುಗಳನ್ನೂ, ಆ ಚೂರಿಗೆ ಹರಿತವನ್ನು ಕೊಟ್ಟು ತಮ್ಮ ಉಸಿರನ್ನು ಕಳೆದುಕೊಂಡವರನ್ನೂ ಮರೆತು ಬರೆದ ಚರಿತ್ರೆ ಅರ್ಧ ಚರಿತ್ರೆಯೇ ಸರಿ.