ಕಾಡಿನಿಂದ ಮರಳಿದವರು

ನಮ್ಮ ನಾಡಿನಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಮೇಲಕ್ಕೇರುವ ವೀರ, ತುದಿಯಲ್ಲಿ ಕೈಲಾಸ. ಮೂರು ಪಟ್ಟಿಕೆಗಳಲ್ಲಿ ಒಬ್ಬ ಮನುಷ್ಯನ ಕಥೆ ಮುಗಿಯುತ್ತದೆ. ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ಗೆದ್ದು ಬದುಕಿ ಬಂದವನಿಗೂ ಮನ್ನಣೆಯುಂಟು. ಗಂಗರ ಬೂತುಗನು ತನ್ನ ಭಟನಾದ ಮಣಲೇರನಿಗೆ ಊರನ್ನು ಬಾಳ್ಗಳ್ಚಾಗಿ, ಎಂದರೆ ಕತ್ತಿ ತೊಳೆದ ಉಂಬಳಿಯಾಗಿ, ಕೊಟ್ಟನೆಂದು 949-50ರ ಆತಕೂರು ಶಾಸನವು ಹೇಳುತ್ತದೆ. ಕತ್ತಿಯನ್ನೇನೋ ತೊಳೆದರು. ಅದನ್ನು ಹಿಡಿದಿದ್ದವನು ಆ ರಾತ್ರಿ ನಿದ್ರಿಸಿದನೋ ಇಲ್ಲವೋ ಎಂಬುದನ್ನು ಕಲ್ಲುಕುಟಿಗನು ಕೆತ್ತಲಿಲ್ಲ. ಅವನನ್ನು ಯಾರೂ ಕೇಳಿಯೂ ಇರಲಾರರು.

ಕೇಳುವ ಕಾಲವು ಬಹಳ ತಡವಾಗಿ ಬಂದಿತು. ಯೂರೋಪಿನ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದೆಯೇ ನಡುಗುವ, ಮಾತು ಕಳೆದುಕೊಂಡ ಸಿಪಾಯಿಗಳನ್ನು ಕಂಡ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ‘ಶೆಲ್ ಶಾಕ್’ ಎಂಬ ಮಾತನ್ನು ಅಚ್ಚಿಗೆ ತಂದರು. ಅದೇ ಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲುಗೊಂಡಿತು. ಮಡಿದವರ ಹೆಸರುಗಳು ಬೆಂಗಳೂರಿನ ಸ್ಮಾರಕದ ಮೇಲಿವೆ. ಮರಳಿ ಬಂದ ಸವಾರರು ತಮ್ಮ ತಮ್ಮ ಹಟ್ಟಿಗಳಿಗೆ ಹೋದರು. ಅಲ್ಲಿಗೆ ಇತಿಹಾಸವು ಅವರ ಬೆನ್ನು ಬಿಟ್ಟಿತು.

ಹೊರದೇಶದ ಯುದ್ಧಕ್ಕೆ ಹೋದವರ ಮಾತು ಇದಾಯಿತು. ಯುದ್ಧವೇ ಮನೆಯ ಬಾಗಿಲಿಗೆ ಬಂದ ಸೀಮೆಯೊಂದು ನಮ್ಮಲ್ಲಿದೆ. ಕೊಳ್ಳೇಗಾಲವು 1956ರವರೆಗೆ ಮದರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು. ಹನೂರು ಈಚೆಗಷ್ಟೇ ಬೇರೆ ತಾಲ್ಲೂಕಾಗಿದೆ. ಗಡಿಗಳು ಹೇಗೆ ಬದಲಾದರೂ ಮಲೆ ಮಹದೇಶ್ವರನ ಬೆಟ್ಟದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಕಾಡಿನ ಹಬ್ಬುಗೆ ಒಂದೇ. ವೀರಪ್ಪನ್ ಎಂಬ ದಂತಚೋರನನ್ನು ಹಿಡಿಯಲು ಹೊರಟ ಸರ್ಕಾರಗಳು ಹತ್ತು ವರ್ಷಕ್ಕೂ ಮಿಗಿಲಾಗಿ ಹೋರಾಡಿದ್ದು ಈ ಕಾಡುಗಳಲ್ಲಿಯೇ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸರ ಕೊಲೆಯಾಯಿತು. 1992ರ ಮೇ ತಿಂಗಳಿನಲ್ಲಿ ರಾಮಾಪುರದ ಠಾಣೆಯ ಮೇಲೆ ದಾಳಿ ನಡೆಯಿತು. ಅದೇ ಆಗಸ್ಟ್ 14ರಂದು ಮೀಣ್ಯದ ಬಳಿ ಹೊಂಚುಹಾಕಿದವರ ಗುಂಡಿಗೆ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹಾಗೂ ಅವರ ಸಂಗಡಿಗರು ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನಲ್ಲಿ ನೆಲಬಾಂಬುಗಳು ಸಿಡಿದು 22 ಮಂದಿ ಸತ್ತರು. ಅಂದು ತೀವ್ರವಾಗಿ ಗಾಯಗೊಂಡು ಬದುಕುಳಿದವರೂ ಉಂಟು.

ಹಾಗೆ ಉಳಿದವರ ಅವಸ್ಥೆಯನ್ನು ವೈದ್ಯರು ಈಗ ಬಲ್ಲರು. ಆಘಾತದ ನಂತರದ ಈ ವ್ಯಥೆಗೆ ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ರೋಗಪಟ್ಟಿಯಲ್ಲಿ ಸ್ಥಾನ ಕೊಟ್ಟಿತು. ಕಂಡದ್ದು ಕನಸಿನಲ್ಲಿ ಮರಳಿ ಮರಳಿ ಬರುತ್ತದೆ. ಬಾಗಿಲು ಬಡಿದುಕೊಂಡರೆ ಎದೆ ನಡುಗುತ್ತದೆ. ಮನುಷ್ಯನು ಮಾತು ಬಿಡುತ್ತಾನೆ, ಇಲ್ಲವೆ ಸಲ್ಲದ ಸಿಟ್ಟಿಗೇಳುತ್ತಾನೆ. ಅವನನ್ನು ಎಬ್ಬಿಸುವಾಗ ದೂರ ನಿಲ್ಲಬೇಕೆಂಬುದನ್ನು ಹೆಂಡತಿ ಕಲಿಯುತ್ತಾಳೆ. ಅಪ್ಪನ ಹೆಜ್ಜೆಯ ಸಪ್ಪಳದಿಂದಲೇ ಆ ಸಂಜೆ ಎಂಥದೆಂದು ಮಕ್ಕಳು ಅರಿಯುತ್ತಾರೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ ಮೇಲೆ ತಮಿಳುನಾಡು ಸರ್ಕಾರವು ಕಾರ್ಯಪಡೆಯವರಿಗೆ ಬಡ್ತಿ, ಮೂರು ಮೂರು ಲಕ್ಷ ರೂಪಾಯಿ, ಮನೆಯ ನಿವೇಶನಗಳನ್ನು ಸಾರಿತು. ಇದು ಬಾಳ್ಗಳ್ಚಿನ ಹೊಸ ರೂಪವೇ ಸರಿ. ನಿವೇಶನದಲ್ಲಿ ಕಟ್ಟಿದ ಮನೆಯೊಳಗಣ ರಾತ್ರಿಗಳ ಲೆಕ್ಕವನ್ನು ಯಾವ ಕಚೇರಿಯೂ ಇಡುವುದಿಲ್ಲ.

ಇನ್ನೊಂದು ಕಡೆಯ ಮಾತನ್ನು ಹೇಳದೆ ಬಿಟ್ಟರೆ ನಾವು ಸತ್ಯಕ್ಕೆ ದ್ರೋಹ ಮಾಡಿದಂತೆ. ಈ ಸೀಮೆಯಲ್ಲಿ ಯಾರಾದರೂ ಬೆದರಿ ಮಂಕಾದರೆ ‘ಗಾಳಿ ಸೋಕಿದೆ’ ಎನ್ನುವರು. ಮಾದಪ್ಪನಿಗೆ ಹರಕೆ ಹೊತ್ತು ಬೆಟ್ಟ ಹತ್ತಿಸುವರು. ಭಯವನ್ನು ಇಳಿಸಿಬರುವ ಜಾಗ ಅದು. ಅದೇ ಬೆಟ್ಟದಲ್ಲಿ ಕಾರ್ಯಪಡೆಯ ಬಿಡಾರವಿದ್ದಿತು. ಅಲ್ಲಿ ವಿಚಾರಣೆ ನಡೆಸುತ್ತಿದ್ದ ಕೋಣೆಗೆ ‘ವರ್ಕ್‌ಶಾಪ್’ ಎಂಬ ಹೆಸರು ಬಿದ್ದಿತ್ತು. ಹಳ್ಳಿಯ ಗಂಡಸರೂ ಹೆಂಗಸರೂ ತಮ್ಮನ್ನು ಅಲ್ಲಿ ಹಿಂಸಿಸಿದರೆಂದು ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿ. ವಿ. ನರಸಿಂಹನ್ ಅವರ ಸಮಿತಿಯ ಮುಂದೆ ಹೇಳಿಕೊಂಡರು. ಕಾಡಿನ ಸೋಲಿಗರಂತೂ ಎರಡು ಬಂದೂಕುಗಳ ನಡುವೆ ಸಿಕ್ಕಿದ್ದರು: ಕಳ್ಳನಿಗೆ ಅನ್ನವಿಕ್ಕಿದರೆ ಪೊಲೀಸರ ಭಯ, ಇಕ್ಕದಿದ್ದರೆ ಕಳ್ಳನ ಭಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು.

ಈ ಹಳ್ಳಿಯವರೂ ಯುದ್ಧದಿಂದ ಮರಳಿದವರೆಂದೇ ನಾವು ಎಣಿಸುತ್ತೇವೆ. ಅವರನ್ನು ಹೊಡೆದವನ ನಿದ್ದೆಯೂ ಕೆಟ್ಟಿರಬಹುದು. ಅವನನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ ಎರಡು ಮನೆಗಳಲ್ಲಿಯೂ ರಾತ್ರಿ ದೀಪವಾರಿಸಲು ಅಂಜುವವರು ಹೆಂಗಸರು ಮಕ್ಕಳೇ.

ಗೋಪಿನಾಥಂನಲ್ಲಿ ಇಂದು ಪ್ರವಾಸಿಗರು ತಂಗುವ ಬಿಡಾರಗಳಿವೆ. ಶ್ರೀನಿವಾಸರು ಕಟ್ಟಿಸಿಕೊಟ್ಟ ಮಾರಿಯಮ್ಮನ ಗುಡಿಯೂ ಅಲ್ಲಿದೆ. ಊರಿನವರು ಅವರ ಭಾವಚಿತ್ರವನ್ನು ದೇವಿಯ ಸನ್ನಿಧಿಯಲ್ಲಿ ಇರಿಸಿಕೊಂಡಿದ್ದಾರೆ.