ವೆಬ್‌ಕ್ಯಾಮ್ ಕಣ್ಣಲ್ಲಿ ಬಂದರು: ಕುಳಿತಲ್ಲೇ ಹಡಗು ವೀಕ್ಷಣೆ

ಹಡಗುಗಳ ಸಂಚಾರವನ್ನು ಕಣ್ತುಂಬಿಕೊಳ್ಳಲು ಕಡಲತೀರಕ್ಕೇ ಹೋಗಬೇಕೆಂದಿಲ್ಲ. ಜಗತ್ತಿನ ಹಲವು ಬಂದರು ಹಾಗೂ ಕಾಲುವೆಗಳ ದಂಡೆಯಲ್ಲಿ ಅಳವಡಿಸಲಾದ ವೆಬ್‌ಕ್ಯಾಮ್‌ಗಳು ಅಲ್ಲಿನ ದೃಶ್ಯಗಳನ್ನು ಅಂತರ್ಜಾಲದಲ್ಲಿ ನೇರವಾಗಿ ಬಿತ್ತರಿಸುತ್ತವೆ. ಹವ್ಯಾಸಿಗಳ ಮೆಚ್ಚಿನ ಈ ಕ್ಯಾಮೆರಾಗಳು 2024ರಲ್ಲಿ ಘೋರ ದುರಂತವೊಂದಕ್ಕೂ ಸಾಕ್ಷಿಯಾದವು.

ಎಲ್ಲಿ, ಏನು?

ಪನಾಮ ಕಾಲುವೆಯ ಮಿರಾಫ್ಲೋರೆಸ್ ಜಲದ್ವಾರ ವೀಕ್ಷಕರ ಅಚ್ಚುಮೆಚ್ಚಿನ ತಾಣ. 1914ರಲ್ಲಿ ಆರಂಭವಾದ ಈ ಕಾಲುವೆಯಲ್ಲಿ ಹಡಗುಗಳು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದ ಗಾಟುನ್ ಸರೋವರಕ್ಕೆ ಏರಿ, ಮತ್ತೊಂದು ಬದಿಗೆ ಇಳಿಯುತ್ತವೆ. ಹಡಗನ್ನು ಎತ್ತುವುದು ಯಂತ್ರವಲ್ಲ, ಸರೋವರದಿಂದ ಹರಿದುಬರುವ ನೀರು. ದಂಡೆಯ ಹಳಿಗಳ ಮೇಲಿನ ಎಂಜಿನ್‌ಗಳು ಹಡಗು ಗೋಡೆಗೆ ತಾಗದಂತೆ ಹಿಡಿದುಕೊಳ್ಳುತ್ತವೆ. ನಮ್ಮಲ್ಲಿ ಸಂಜೆ 6 ಗಂಟೆಯಾದಾಗ ಅಲ್ಲಿ ಬೆಳಿಗ್ಗೆ 7.30. ಹೀಗಾಗಿ ಕಚೇರಿ ಮುಗಿಸಿ ಬಂದವರಿಗೂ ಹಗಲಿನ ದೃಶ್ಯವೇ ಲಭ್ಯ.

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯಲ್ಲಿರುವ ಡುಲುತ್ ಪಟ್ಟಣದಲ್ಲಿ ನೋಟ ಬೇರೆ. ಇಲ್ಲಿ ಹಡಗು ಸಮೀಪಿಸಿದಾಗ ಸೇತುವೆಯ ರಸ್ತೆಭಾಗವೇ ಇಡಿಯಾಗಿ ಮೇಲೇರುತ್ತದೆ. ಹಡಗು ಹಾರ್ನ್ ಮೊಳಗಿಸಿದರೆ ಸೇತುವೆಯೂ ಹಾರ್ನ್‌ನಲ್ಲೇ ಉತ್ತರಿಸುತ್ತದೆ. ಕಬ್ಬಿಣದ ಅದಿರು ಸಾಗಿಸುವ ಸಾವಿರ ಅಡಿ ಉದ್ದದ ನೌಕೆಗಳೂ ಇಲ್ಲಿ ಹಾಯುತ್ತವೆ. ಚಳಿಗಾಲದಲ್ಲಿ, ಸಾಮಾನ್ಯವಾಗಿ ಜನವರಿ ಮಧ್ಯಭಾಗದಿಂದ ಮಾರ್ಚ್ ಕೊನೆಯ ವಾರದವರೆಗೆ, ಸರೋವರದ ಇನ್ನೊಂದು ತುದಿಯ ಸೂ ಜಲದ್ವಾರಗಳು ಮುಚ್ಚುವುದರಿಂದ ಸಂಚಾರ ವಿರಳ.

ಹಡಗಿನ ಗುರುತು

ತೆರೆಯ ಮೇಲೆ ಕಂಡ ಹಡಗು ಯಾವುದೆಂದು ತಿಳಿಯಲು 'ಎಐಎಸ್' ಎಂಬ ಸ್ವಯಂಚಾಲಿತ ಗುರುತು ವ್ಯವಸ್ಥೆ ನೆರವಾಗುತ್ತದೆ. ಅಂತರರಾಷ್ಟ್ರೀಯ ಯಾನದಲ್ಲಿರುವ, 300 ಟನ್ ಅಥವಾ ಅದಕ್ಕೂ ಹೆಚ್ಚಿನ ಒಟ್ಟು ಟನ್ನೇಜ್‌ನ ಹಡಗುಗಳಿಗೆ ಇದು ಕಡ್ಡಾಯ. ಹೆಸರು, ವೇಗ, ದಿಕ್ಕುಗಳು ರೇಡಿಯೊ ಸಂಕೇತಗಳ ಮೂಲಕ ಬಿತ್ತರಗೊಂಡು ಜಾಲತಾಣಗಳ ನಕ್ಷೆಯಲ್ಲಿ ಮೂಡುತ್ತವೆ. ತಲುಪಬೇಕಾದ ಬಂದರನ್ನು ಸಿಬ್ಬಂದಿಯೇ ನಮೂದಿಸುವುದರಿಂದ ಅದು ತಪ್ಪಿರಲೂಬಹುದು.

ಸಾಕ್ಷಿಯಾದ ಕ್ಯಾಮೆರಾ

2024ರ ಮಾರ್ಚ್ 26ರ ನಸುಕಿನ 1.29ರ ವೇಳೆಗೆ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟಿದ್ದ 'ಡಾಲಿ' ಎಂಬ ಕಂಟೈನರ್ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಅಪ್ಪಳಿಸಿತು. ಹಡಗಿನ ದೀಪಗಳು ಆರಿ, ಹತ್ತಿ, ಮತ್ತೆ ಆರಿದ್ದು ಹಾಗೂ ಸೇತುವೆ ಕುಸಿದದ್ದು ನೇರಪ್ರಸಾರದ ಕ್ಯಾಮೆರಾದಲ್ಲಿ ದಾಖಲಾದವು. ರಸ್ತೆ ದುರಸ್ತಿಯಲ್ಲಿ ತೊಡಗಿದ್ದ ಆರು ಕಾರ್ಮಿಕರು ಅಸುನೀಗಿದರು.

ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು. ದೃಶ್ಯ ಹರಿದಾಡಿದ ಕೆಲವೇ ಗಂಟೆಗಳಲ್ಲಿ ದುರುದ್ದೇಶದ ಶಂಕೆಗಳೂ ಹಬ್ಬಿದವು. ಭಾರತೀಯ ನಾವಿಕರನ್ನು ಹೀಯಾಳಿಸುವ ವ್ಯಂಗ್ಯಚಿತ್ರವೂ ಹೊರಬಿತ್ತು. ಆದರೆ ಡಿಕ್ಕಿಗೆ ಮುನ್ನ ಹಡಗಿನಿಂದ ಹೋದ ಅಪಾಯದ ಕರೆಯ ಮೇರೆಗೆ ಪೊಲೀಸರು ಸೇತುವೆಯ ಮೇಲಿನ ವಾಹನ ಸಂಚಾರ ತಡೆದು ಹಲವರ ಪ್ರಾಣ ಉಳಿಸಿದ್ದು ಆ ದೃಶ್ಯದಲ್ಲಿ ಕೇಳಿಸುವಂತಿರಲಿಲ್ಲ.

ದೀಪಗಳು ಆರಿದ್ದನ್ನು ಜಗತ್ತು ಅಂದೇ ಕಂಡಿತು. ಏಕೆ ಆರಿದವೆಂಬುದು ಅಧಿಕೃತವಾಗಿ ನಿರ್ಧಾರವಾದದ್ದು 2025ರ ನವೆಂಬರ್‌ನಲ್ಲಿ. ಹಡಗಿನ ವಿದ್ಯುತ್ ವ್ಯವಸ್ಥೆಯಲ್ಲಿ ಸರಿಯಾಗಿ ಕೂರದೆ ಸಡಿಲಗೊಂಡಿದ್ದ ಒಂದು ತಂತಿಯೇ ವಿದ್ಯುತ್ ಕಡಿತಕ್ಕೆ ಮೂಲವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತಿಳಿಸಿತು.