ದುಬೈ ಮರುಭೂಮಿಯಲ್ಲಿ ಗಾಲ್ಫ್ ಮತ್ತು ರೆಸಾರ್ಟ್ ಪ್ರವಾಸ: ಪ್ರವಾಸಿಗರ ಗಮನಕ್ಕೆ

ಸಂಯುಕ್ತ ಅರಬ್ ಸಂಸ್ಥಾನದ ದುಬೈ ನಗರವು ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಗಳ ಪ್ರಯಾಣದ ದೂರದಲ್ಲಿದೆ. ಅಲ್ಲಿನ ಗಡಿಯಾರವು ಭಾರತೀಯ ಕಾಲಮಾನಕ್ಕಿಂತ ಒಂದೂವರೆ ಗಂಟೆ ಹಿಂದಿರುತ್ತದೆ.

ಹಿನ್ನೆಲೆ: ಈ ಪ್ರದೇಶದಲ್ಲಿ ಮೊದಲು ಗಾಲ್ಫ್ ಆಟವು ಮರಳಿನ ಮೇಲೆಯೇ ನಡೆಯುತ್ತಿತ್ತು. ಎಣ್ಣೆ ಬೆರೆಸಿ ಗಟ್ಟಿಗೊಳಿಸಿದ ಮರಳೇ ಗುಳಿಯ ಸುತ್ತಲಿನ ನೆಲವಾಗಿತ್ತು. ಆಟಗಾರರು ಚೆಂಡಿನಡಿಗೆ ಇಡಲು ಕೃತಕ ಹುಲ್ಲಿನ ಸಣ್ಣ ಚಾಪೆಯೊಂದನ್ನು ಜೊತೆಯಲ್ಲಿ ಒಯ್ಯುತ್ತಿದ್ದರು. 1988ರಲ್ಲಿ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಮಜ್ಲಿಸ್ ಮೈದಾನವು ಆರಂಭವಾಗಿ, ಪೂರ್ಣ ಹುಲ್ಲುಹಾಸಿನ ಸ್ಪರ್ಧಾಮಟ್ಟದ ಮೈದಾನವು ಮಧ್ಯಪ್ರಾಚ್ಯದಲ್ಲಿ ಮೊದಲ ಬಾರಿಗೆ ದೊರೆಯಿತು. 1989ರಲ್ಲಿ ಆರಂಭವಾದ ಡೆಸರ್ಟ್ ಕ್ಲಾಸಿಕ್ ಪಂದ್ಯಾವಳಿಯು ಇತ್ತೀಚಿನ ವರ್ಷಗಳಲ್ಲಿ ಜನವರಿಯಲ್ಲಿ ಇಲ್ಲಿಯೇ ನಡೆಯುತ್ತಿದ್ದು, ಆ ದಿನಗಳಲ್ಲಿ ಪ್ರವಾಸಿಗರಿಗೆ ಈ ಮೈದಾನವು ಲಭ್ಯವಿರುವುದಿಲ್ಲ.

ಸೂಕ್ತ ಕಾಲ: ನವೆಂಬರ್‌ನಿಂದ ಮಾರ್ಚ್‌ವರೆಗೆ. ಈ ಅವಧಿಯಲ್ಲಿ ದರಗಳು ಹೆಚ್ಚಿದ್ದು, ಆಟದ ಸಮಯವನ್ನು ಮುಂಚಿತವಾಗಿ ಕಾಯ್ದಿರಿಸುವುದು ಅಗತ್ಯ. 2022ರಿಂದ ವಾರದ ರಜೆಯು ಶನಿವಾರ ಮತ್ತು ಭಾನುವಾರಗಳಾಗಿದ್ದು, ಅಂದು ದಟ್ಟಣೆ ಹೆಚ್ಚು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ರೆಸಾರ್ಟ್‌ಗಳ ರಿಯಾಯಿತಿ ದರಗಳಿಗೆ ಕಾರಣವೂ ಇದೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕಾರ್ಮಿಕರನ್ನು ದುಡಿಸುವುದನ್ನು ಅಲ್ಲಿನ ಸರ್ಕಾರವೇ ನಿಷೇಧಿಸಿದೆ. ಪ್ರವಾಸಿಗರಿಗೆ ಈ ನಿಯಮವು ಅನ್ವಯಿಸದಿದ್ದರೂ, ಅದರ ಹಿಂದಿನ ಕಾರಣವು ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಆಡಲೇಬೇಕೆನ್ನುವವರಿಗೆ ಮುಂಜಾನೆಯ ವೇಳೆ ಅಥವಾ ದೀಪಗಳ ಬೆಳಕಿನಲ್ಲಿ ರಾತ್ರಿ ಆಡಲು ಅವಕಾಶವಿರುವ ಮೈದಾನಗಳು ಸೂಕ್ತ. ಬೆವರು ನಿಂತು, ತಲೆಸುತ್ತು ಅಥವಾ ಗೊಂದಲ ಕಂಡುಬಂದಲ್ಲಿ ಆಟ ನಿಲ್ಲಿಸಿ ತಕ್ಷಣ ವೈದ್ಯಕೀಯ ನೆರವು ಪಡೆಯತಕ್ಕದ್ದು.

ಒಯ್ಯಬಾರದ ವಸ್ತುಗಳು: ಈ ಅಂಶವನ್ನು ವಿಶೇಷವಾಗಿ ಗಮನಿಸುವುದು. ಕರ್ನಾಟಕದ ಮನೆಗಳಲ್ಲಿ ಪಾಯಸಕ್ಕೂ ಸಾರಿಗೂ ಸಾಮಾನ್ಯವಾಗಿ ಬಳಸುವ ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷೇಧಿತ ವಸ್ತುವಾಗಿದೆ. ಬಂಧುಗಳಿಗೆಂದು ಒಯ್ಯುವ ಮಸಾಲೆ ಪುಡಿಯಲ್ಲಿ ಅಲ್ಪ ಪ್ರಮಾಣದಲ್ಲಿದ್ದರೂ ಬಂಧನಕ್ಕೆ ಆಸ್ಪದವಾಗಬಹುದು. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂತಹ ನೋವುನಿವಾರಕಗಳಿಗೆ ವೈದ್ಯರ ಚೀಟಿಯ ಜೊತೆಗೆ ಆ ದೇಶದ ಪೂರ್ವಾನುಮತಿಯೂ ಬೇಕು. ಬೆನ್ನುನೋವು, ಮೊಣಕಾಲು ನೋವಿಗೆ ಮಾತ್ರೆ ಸೇವಿಸುವ ಹಿರಿಯ ಆಟಗಾರರು ಹೊರಡುವ ಮುನ್ನ ಮಾತ್ರೆಯ ಘಟಕಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಪರಿಚಯವಿಲ್ಲದವರು ಕೊಡುವ ಪೊಟ್ಟಣಗಳನ್ನು ಸ್ವೀಕರಿಸಬಾರದು.

ಗಾಲ್ಫ್ ಸಲಕರಣೆ: ದಾಂಡುಗಳ ಚೀಲಕ್ಕೆ ತೂಕ ಮತ್ತು ಅಳತೆಯ ನಿಯಮವು ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿದೆ. ಎರಡು ಮೂರು ದಿನಗಳ ಆಟಕ್ಕೆ ಮೈದಾನದಲ್ಲಿಯೇ ಬಾಡಿಗೆಗೆ ಪಡೆಯುವುದು ಅನುಕೂಲಕರ. ಕಾಲರ್ ಉಳ್ಳ ಅಂಗಿ ಕಡ್ಡಾಯ. ಜೀನ್ಸ್ ಧರಿಸಿದವರಿಗೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ.

ಮರುಭೂಮಿಯ ವಾಸ್ತವ್ಯ: ಸುಮಾರು 225 ಚ.ಕಿ.ಮೀ. ವಿಸ್ತಾರದ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶದೊಳಗಿನ ಅಲ್ ಮಹಾ ರೆಸಾರ್ಟ್‌ನಲ್ಲಿ ಅರೇಬಿಯನ್ ಓರಿಕ್ಸ್ ಜಿಂಕೆಗಳನ್ನು ಸಮೀಪದಿಂದ ಕಾಣಬಹುದು. ಗಾಲ್ಫ್ ಮೈದಾನಗಳು ನಗರದ ಕಡೆಗಿರುವುದರಿಂದ ಎರಡನ್ನೂ ಒಂದೇ ದಿನಕ್ಕೆ ಹೊಂದಿಸದೆ, ಆಟದ ದಿನಗಳನ್ನು ಮುಗಿಸಿ ಮರುಭೂಮಿಗೆ ತೆರಳುವುದು ಉತ್ತಮ. ಚಳಿಗಾಲದ ರಾತ್ರಿಗಳಿಗೆ ಉಣ್ಣೆಯ ಉಡುಪು ಜೊತೆಗಿರಲಿ.

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಮಾನ್ಯತೆ ಇರತಕ್ಕದ್ದು. ವೀಸಾ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಟಿಕೆಟ್ ಖರೀದಿಗೆ ಮುನ್ನವೇ ಖಚಿತಪಡಿಸಿಕೊಳ್ಳುವುದು.